ಮರಳಿ ಬರುವ ಮಾತು

(ಉಪನ್ಯಾಸವೊಂದರ ಲಿಖಿತ ರೂಪ)



ಮನುಷ್ಯರೆಲ್ಲರೂ ಸಮಾನರು ಎಂಬ ಮಾತನ್ನು ಇಂದು ಯಾವ ವೇದಿಕೆಯ ಮೇಲೆ ಹೇಳಿದರೂ ಚಪ್ಪಾಳೆ ಬೀಳುತ್ತದೆ. ಅದನ್ನು ಬಹಿರಂಗವಾಗಿ ಅಲ್ಲಗಳೆಯುವವರು ತೀರ ವಿರಳ. ಆದರೆ ಒಬ್ಬರ ಮನಸ್ಸಿನಲ್ಲಿ ಈ ನಂಬಿಕೆ ನಿಜವಾಗಿಯೂ ಬೇರುಬಿಟ್ಟಿದೆಯೋ ಇಲ್ಲವೋ ಎಂಬುದು ವೇದಿಕೆಯ ಮೇಲೆ ಗೊತ್ತಾಗುವುದಿಲ್ಲ. ಸಭೆ ಮುಗಿದು ಕೆಳಗಿಳಿದ ಮೇಲೆ ಕುರ್ಚಿ ಜೋಡಿಸುವವರನ್ನು, ಚಹಾ ತಂದುಕೊಟ್ಟವರನ್ನು, ಕಾರಿನ ಬಳಿ ಕಾದು ನಿಂತ ಚಾಲಕರನ್ನು ಅವರು ಹೇಗೆ ಕರೆಯುತ್ತಾರೆ ಎಂಬುದರಲ್ಲಿ ಅದು ಗೊತ್ತಾಗುತ್ತದೆ. ಕನ್ನಡದಲ್ಲಿ ಇದಕ್ಕೆ ಎರಡಕ್ಷರದ ಪರೀಕ್ಷೆಯೊಂದಿದೆ: ‘ನೀನು’ ಅಥವಾ ‘ನೀವು’.

ವೃದ್ಧಾಪ್ಯ ವೇತನ ಕೇಳಲು ಕಚೇರಿಯ ಕಿಟಕಿಯ ಮುಂದೆ ನಿಂತ ಎಪ್ಪತ್ತರ ಅಜ್ಜಿಯನ್ನು ಮೂವತ್ತರ ಗುಮಾಸ್ತರು ‘ಏನಾಗ್ಬೇಕು ನಿನಗೆ?’ ಎಂದು ಕೇಳುತ್ತಾರೆ. ಅಜ್ಜಿ ‘ಸ್ವಾಮೀ, ತಾವೇ ದೊಡ್ಡ ಮನಸ್ಸು ಮಾಡಬೇಕು’ ಎನ್ನುತ್ತಾರೆ. ಇಬ್ಬರೂ ಒಂದೇ ದೇಶದ ಪ್ರಜೆಗಳು. ಇಬ್ಬರಿಗೂ ಇರುವುದು ಒಂದೊಂದೇ ಓಟು. ಕಾನೂನಿನ ಪ್ರಕಾರ ಗುಮಾಸ್ತರು ಅಜ್ಜಿಯ ಸೇವೆಗೆಂದೇ ನೇಮಕಗೊಂಡವರು. ಆದರೂ ಅವರ ಸಂಭಾಷಣೆಯನ್ನು ಕೇಳಿದ ಪರದೇಶಿಯೊಬ್ಬರಿಗೆ ಯಾರು ಯಾರ ಸೇವಕರು ಎಂಬ ವಿಷಯದಲ್ಲಿ ಸಂಶಯವೇ ಉಳಿಯುವುದಿಲ್ಲ. ಇಂಥ ದೃಶ್ಯದಲ್ಲಿ ಯಾರೂ ಯಾರನ್ನೂ ಬೈದಿಲ್ಲ, ಹೊಡೆದಿಲ್ಲ. ದೂರು ಕೊಡುವಂಥದ್ದೇನೂ ನಡೆದಿಲ್ಲ. ಹಾಗಿದ್ದರೂ ಒಬ್ಬರ ಘನತೆಯಿಂದ ಒಂದು ಚೂರು ಕಳಚಿ ಬಿದ್ದಿದೆ. ಇಂದಿನ ಮಾತಿನ ವಿಷಯ ಆ ಚೂರು.

ತಪ್ಪಿಸಿಕೊಳ್ಳಲಾಗದ ವ್ಯಾಕರಣ

ಇಂದಿನ ಇಂಗ್ಲಿಷಿನಲ್ಲಿ ರಾಣಿಗೂ ‘ಯೂ’, ರಾಣಿಯ ಕುದುರೆ ನೋಡಿಕೊಳ್ಳುವವರಿಗೂ ‘ಯೂ’. ಮೇಲುಕೀಳಿನ ಭಾವನೆ ಆ ಭಾಷೆಯವರಲ್ಲಿ ಇಲ್ಲವೆಂದಲ್ಲ. ಅದನ್ನು ಧ್ವನಿಯಲ್ಲಿ, ಬಿರುದಿನಲ್ಲಿ ತೋರಿಸಬೇಕಾಗುತ್ತದೆ, ಅಥವಾ ಮುಚ್ಚಿಡಬಹುದು. ಕನ್ನಡ ಆ ಅನುಕೂಲವನ್ನು ಕೊಡುವುದಿಲ್ಲ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲು ಎದುರಿಗಿದ್ದವರಿಗೆ. ಅವನು, ಅವಳು ಎಂಬುದು ಕೆಳಗೆ, ಅವರು ಎಂಬುದು ಮೇಲೆ, ನಡುವೆ ಆತ, ಆಕೆ ಎಂಬ ಒಂದು ಜಗಲಿ, ಇದು ಎದುರಿಗಿಲ್ಲದವರಿಗೆ. ಸರ್ವನಾಮವನ್ನು ನುಂಗಿಕೊಂಡರೂ ಕ್ರಿಯಾಪದ ಬಿಡುವುದಿಲ್ಲ. ಬಾ ಎನ್ನಬೇಕು, ಇಲ್ಲವೇ ಬನ್ನಿ ಎನ್ನಬೇಕು. ಇವುಗಳ ಮೇಲೆ ಬಾರೋ, ಬಾರೇ, ಬಾರಯ್ಯ, ಬಾರಮ್ಮ ಎಂಬ ಸೂಕ್ಷ್ಮಗಳು ಬೇರೆ. ಉತ್ತರ ಕರ್ನಾಟಕದಲ್ಲಿ ಮಾತಿನ ತುದಿಗೆ ಒಂದು ‘ರೀ’ ಸೇರಿತೆಂದರೆ ಗೌರವ ಸಂದಾಯವಾಯಿತು. ಅದು ಬಿದ್ದುಹೋಯಿತೆಂದರೆ ಕೇಳಿಸಿಕೊಂಡವರಿಗೆ ತಟ್ಟನೆ ತಿಳಿಯುತ್ತದೆ.

ಅಂದರೆ ಕನ್ನಡದಲ್ಲಿ ‘ಊಟ ಆಯಿತೇ’ ಎಂಬಂಥ ಕೆಲವು ಮಾತುಗಳನ್ನು ಬಿಟ್ಟರೆ, ಎದುರಿನ ವ್ಯಕ್ತಿಯ ಸ್ಥಾನವನ್ನು ಮೊದಲು ತೀರ್ಮಾನಿಸದೆ ಅವರೊಡನೆ ಮಾತೇ ಆರಂಭಿಸಲಾಗದು. ದಿನಕ್ಕೆ ನೂರು ಸಲ ಪ್ರತಿಯೊಬ್ಬರೂ ಈ ತೀರ್ಪು ಕೊಡುತ್ತಲೇ ಇರುತ್ತಾರೆ. ಬಟ್ಟೆ ನೋಡಿ, ಚಪ್ಪಲಿ ನೋಡಿ, ಕೈಯಲ್ಲಿರುವ ಪೊರಕೆಯನ್ನೋ ಪೆನ್ನನ್ನೋ ನೋಡಿ, ಅನೇಕ ವೇಳೆ ಜಾತಿ ಊಹಿಸಿ ಕೊಡುವ ತೀರ್ಪು ಇದು. ರೂಢಿಯಾಗಿರುವುದರಿಂದ ತೀರ್ಪು ಕೊಟ್ಟದ್ದೇ ಅರಿವಿಗೆ ಬರುವುದಿಲ್ಲ. ತೀರ್ಪು ಪಡೆದವರಿಗೆ ಮಾತ್ರ ಅರಿವಾಗುತ್ತದೆ.

‘ನೀನು’ ಬೈಗುಳವಲ್ಲ

ಹಾಗೆಂದು ‘ನೀನು’ ಎಂಬ ಪದದಲ್ಲೇ ಅಗೌರವವಿದೆ ಎಂದು ತಿಳಿಯುವುದು ಅವಸರವಾದೀತು. ವಚನಕಾರರು ತಮ್ಮ ಇಷ್ಟದೈವವನ್ನು ಏಕವಚನದಲ್ಲಿ ಕರೆದರು. ಹರಿದಾಸರು ವಿಠಲನೊಂದಿಗೆ ಜಗಳವಾಡಿದ್ದು ಏಕವಚನದಲ್ಲೇ. ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ‘ನೀವು’ ಎನ್ನುವ ಮಕ್ಕಳು ಅಮ್ಮನಿಗೆ ‘ನೀನು’ ಎನ್ನುತ್ತಾರೆ; ಅಮ್ಮನ ಮೇಲೆ ಪ್ರೀತಿ ಕಡಿಮೆ ಎಂದು ಇದಕ್ಕೆ ಅರ್ಥವಿಲ್ಲ. ಹಳೇ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಹಿರಿಯರನ್ನೂ ‘ಬಾರಣ್ಣ, ಕೂತ್ಕೋ’ ಎಂದು ಕರೆಯುವ ರೂಢಿಯಿದೆ. ಆ ಹಿರಿಯರೂ ಅದೇ ಧಾಟಿಯಲ್ಲಿ ಉತ್ತರ ಕೊಡುತ್ತಾರೆ. ಅಲ್ಲಿ ಯಾರ ಮರ್ಯಾದೆಗೂ ಭಂಗವಿಲ್ಲ.

ಹಾಗಾದರೆ ಅವಮಾನ ಇರುವುದೆಲ್ಲಿ? 1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಎಂಬ ಇಬ್ಬರು ವಿದ್ವಾಂಸರು ಯೂರೋಪಿನ ಭಾಷೆಗಳ ಸರ್ವನಾಮಗಳನ್ನು ಕುರಿತು ಪ್ರಸಿದ್ಧ ಪ್ರಬಂಧವೊಂದನ್ನು ಬರೆದರು. ಸರ್ವನಾಮದ ಬಳಕೆಯ ಹಿಂದೆ ಎರಡು ಶಕ್ತಿಗಳಿವೆ ಎಂಬುದು ಅವರ ವಾದದ ತಿರುಳು. ಒಂದು ಅಧಿಕಾರ, ಇನ್ನೊಂದು ಆಪ್ತತೆ. ಆಪ್ತತೆಯ ಮಾತು ಎರಡು ಕಡೆಯಿಂದಲೂ ಒಂದೇ ಆಗಿರುತ್ತದೆ: ನೀನು ಎಂದರೆ ನೀನು, ನೀವು ಎಂದರೆ ನೀವು. ಅಧಿಕಾರದ ಮಾತು ಹಾಗಲ್ಲ. ಮೇಲಿನಿಂದ ‘ನೀನು’ ಇಳಿಯುತ್ತದೆ, ಕೆಳಗಿನಿಂದ ‘ನೀವು’ ಏರುತ್ತದೆ.

ಈ ವಿವೇಚನೆ ಕನ್ನಡಕ್ಕೂ ಚೆನ್ನಾಗಿ ಹೊಂದುತ್ತದೆ. ಯಾವ ಪದ ಬಳಸಿದರು ಎಂಬುದಕ್ಕಿಂತ, ಆಡಿದ ಪದ ಅದೇ ರೂಪದಲ್ಲಿ ಮರಳಿ ಬರಬಹುದೇ ಎಂಬುದೇ ಮುಖ್ಯವಾದ ಪ್ರಶ್ನೆ. ಗೆಳೆಯನಿಗೆ ‘ನೀನು’ ಎಂದವರು ಗೆಳೆಯನಿಂದ ‘ನೀನು’ ಎನ್ನಿಸಿಕೊಳ್ಳಲು ಸಿದ್ಧರಿರುತ್ತಾರೆ. ತೋಟದ ಆಳಿಗೆ ‘ನೀನು’ ಎಂದವರು ಆಳಿನಿಂದ ಅದೇ ಮಾತು ಬಂದರೆ ಏನು ಮಾಡುತ್ತಾರೆ? ಮಾತು ಮರಳಿ ಬಂದರೆ ಅದು ಸಲಿಗೆ. ಮರಳಿ ಬರುವುದನ್ನು ಸಹಿಸಲಾಗದಿದ್ದರೆ ಅದು ದರ್ಪ. ಪರಸ್ಪರ ಗೌರವ ಎಂಬ ನುಡಿಗಟ್ಟಿನಲ್ಲಿ ಗೌರವದಷ್ಟೇ ತೂಕ ಪರಸ್ಪರ ಎಂಬ ಪದಕ್ಕೂ ಇದೆ.

ಟೋಪಿ ತೆಗೆಯದ ಜನ

ಸರ್ವನಾಮಕ್ಕಾಗಿ ಜೈಲಿಗೆ ಹೋದವರೂ ಇದ್ದಾರೆಂದರೆ ಕೆಲವರಿಗೆ ಅಚ್ಚರಿಯಾಗಬಹುದು. 17ನೇ ಶತಮಾನದ ಇಂಗ್ಲಿಷಿನಲ್ಲೂ ಎರಡು ಪದಗಳಿದ್ದವು. ‘ದೌ’ ಎಂಬುದು ಕನ್ನಡದ ನೀನು. ‘ಯೂ’ ಎಂಬುದು ನೀವು. ಆಗ ಜಾರ್ಜ್ ಫಾಕ್ಸ್ ಅವರ ಮುಂದಾಳುತನದಲ್ಲಿ ಕ್ವೇಕರರು ಎಂಬ ಧಾರ್ಮಿಕ ಪಂಗಡ ಹುಟ್ಟಿಕೊಂಡಿತು. ಪ್ರತಿ ಮನುಷ್ಯರೊಳಗೂ ದೈವದ ಬೆಳಕಿದೆ ಎಂಬುದು ಅವರ ನಂಬಿಕೆ. ಹಾಗಿದ್ದ ಮೇಲೆ ಒಬ್ಬರಿಗೆ ಒಂದು ಮಾತು, ಇನ್ನೊಬ್ಬರಿಗೆ ಇನ್ನೊಂದು ಮಾತು ಏಕೆ? ಅವರು ಬಡವರಿಗೂ ನ್ಯಾಯಾಧೀಶರಿಗೂ ‘ದೌ’ ಎಂದರು. ಯಾರ ಮುಂದೆಯೂ ಟೋಪಿ ತೆಗೆಯಲಿಲ್ಲ. ಒಬ್ಬ ವ್ಯಕ್ತಿಗೆ ಬಹುವಚನ ಬಳಸುವುದು ವ್ಯಾಕರಣಕ್ಕೂ ಸತ್ಯಕ್ಕೂ ವಿರುದ್ಧ ಎಂದು ವಾದಿಸಿ 1660ರಲ್ಲಿ ಫಾಕ್ಸ್ ಮತ್ತು ಸಂಗಡಿಗರು ಹಲವು ಭಾಷೆಗಳ ಉದಾಹರಣೆ ಕೊಟ್ಟು ಒಂದು ಪುಸ್ತಕವನ್ನೇ ಹೊರತಂದರು. ಇದಕ್ಕೆ ಪ್ರತಿಯಾಗಿ ಅವರಿಗೆ ಸಿಕ್ಕಿದ್ದು ಏಟು, ದಂಡ, ಸೆರೆಮನೆ. 1670ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರಿಗೆ ಟೋಪಿ ತೆಗೆಯದ ಕಾರಣಕ್ಕೇ ದಂಡ ವಿಧಿಸಲಾಯಿತು.

ಮುಂದೆ ನಡೆದದ್ದು ಸ್ವಾರಸ್ಯವಾಗಿದೆ. ಇಂಗ್ಲಿಷ್ ಸಮಾಜ ಸಮಾನತೆಯ ಮಾತಿಗೆ ಬಂದಿತು, ಆದರೆ ಕ್ವೇಕರರು ತೋರಿದ ದಾರಿಯಿಂದ ಬರಲಿಲ್ಲ. ಎಲ್ಲರನ್ನೂ ‘ದೌ’ಗೆ ಇಳಿಸುವ ಬದಲು ಎಲ್ಲರನ್ನೂ ‘ಯೂ’ಗೆ ಏರಿಸಿತು. ಫ್ರಾನ್ಸಿನಲ್ಲಿ ಇದಕ್ಕೆ ವಿರುದ್ಧವಾದ ಯತ್ನ ನಡೆಯಿತು. ಮಹಾಕ್ರಾಂತಿಯ ಬಿಸಿಯಲ್ಲಿ, 1793ರಲ್ಲಿ, ಗೌರವಸೂಚಕ ‘ವೂ’ ಬಿಟ್ಟು ಎಲ್ಲರೂ ಎಲ್ಲರನ್ನೂ ‘ತ್ಯು’ ಎಂದು ಕರೆಯಬೇಕೆಂಬ ಚಳವಳಿ ಎದ್ದಿತು. ಕ್ರಾಂತಿಯ ಉಬ್ಬರ ಇಳಿದ ಮೇಲೆ ‘ವೂ’ ಮೆಲ್ಲಗೆ ಹಿಂತಿರುಗಿತು.

ಸ್ವೀಡನ್ನಿನ ಕತೆ ಇನ್ನೂ ಬೋಧಪ್ರದ. ಅಲ್ಲಿ ‘ನಿ’ ಎಂಬ ಬಹುವಚನ ರೂಪವಿತ್ತು. ಆದರೆ ಬಿರುದು ಹುದ್ದೆಗಳಿದ್ದವರನ್ನು ಆ ಬಿರುದಿನಿಂದಲೇ ಸಂಬೋಧಿಸಿ, ಏನೂ ಇಲ್ಲದವರಿಗೆ ‘ನಿ’ ಎನ್ನುವ ರೂಢಿ ಬೆಳೆದು, ಬಹುವಚನವೇ ಕೀಳು ಮಾತಾಗಿಬಿಟ್ಟಿತು! 1967ರಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದ ಬ್ರೂರ್ ರೆಕ್ಸೆಡ್ ಅವರು ಸಿಬ್ಬಂದಿಯನ್ನೆಲ್ಲ ‘ದು’ ಎಂಬ ಏಕವಚನದಲ್ಲಿ ಕರೆಯುವುದಾಗಿಯೂ ತಮ್ಮನ್ನೂ ಹಾಗೆಯೇ ಕರೆಯಬೇಕೆಂದೂ ಸಾರಿದರು. ಆಗಲೇ ಬೀಸತೊಡಗಿದ್ದ ಗಾಳಿಗೆ ಅದು ಬಲ ಕೊಟ್ಟಿತು; ಕೆಲವೇ ವರ್ಷಗಳಲ್ಲಿ ಇಡೀ ದೇಶ ‘ದು’ಗೆ ಹೊರಳಿತು. ಇಂಗ್ಲೆಂಡ್ ಮೇಲೆ ಹತ್ತಿ ಸಮವಾಯಿತು, ಸ್ವೀಡನ್ ಕೆಳಗಿಳಿದು ಸಮವಾಯಿತು. ಏರಿದರೋ ಇಳಿದರೋ ಎನ್ನುವುದು ಅಷ್ಟು ಮುಖ್ಯವಲ್ಲ. ಎಲ್ಲರೂ ಒಂದೇ ಮೆಟ್ಟಿಲ ಮೇಲೆ ನಿಂತರು ಎಂಬುದು ಮುಖ್ಯ.

ಕಲ್ಯಾಣದ ಎರಡು ಶರಣು

ಇಂಥ ಯತ್ನವನ್ನು ನೋಡಲು ಕನ್ನಡಿಗರು ಯೂರೋಪಿಗೆ ಹೋಗಬೇಕಾಗಿಲ್ಲ. ಫಾಕ್ಸ್ ಅವರಿಗಿಂತ ಐದು ಶತಮಾನ ಮೊದಲೇ, 12ನೇ ಶತಮಾನದ ಕಲ್ಯಾಣದಲ್ಲಿ, ಮನುಷ್ಯರನ್ನು ಕರೆಯುವ ಬಗೆಯೇ ಬದಲಾಗಿತ್ತು. ಶರಣರ ಹೆಸರುಗಳನ್ನು ಒಮ್ಮೆ ಗಮನಿಸಿ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವ. ಹೆಸರಿನ ಮೊದಲ ಭಾಗದಲ್ಲಿ ಕುಲವೋ ಕಸುಬೋ ಇದೆ, ಅದನ್ನು ಮುಚ್ಚಿಟ್ಟಿಲ್ಲ. ಕೊನೆಯಲ್ಲಿ ಅಯ್ಯ, ಅಣ್ಣ, ಅಮ್ಮ, ಅವ್ವ ಎಂಬ ಗೌರವವಿದೆ, ಅದನ್ನು ಕಿತ್ತುಕೊಂಡಿಲ್ಲ. ಚರ್ಮ ಹದಮಾಡುವವರ ಹೆಸರೂ ಮಂತ್ರಿಯ ಹೆಸರೂ ಒಂದೇ ಬಗೆಯ ಗೌರವದಲ್ಲಿ ಮುಗಿಯುತ್ತವೆ. ಇದರ ಬೆಲೆ ತಿಳಿಯಬೇಕಾದರೆ ಮೊನ್ನೆ ಮೊನ್ನೆಯವರೆಗೂ ಹಳ್ಳಿಗಳಲ್ಲಿದ್ದ ರೂಢಿಯನ್ನು ನೆನೆಯಬೇಕು. ಒಂದೇ ಹೆಸರಿನ ಇಬ್ಬರಿದ್ದರೆ ಜಮೀನುದಾರರು ತಿಮ್ಮಪ್ಪಗೌಡರು. ಅವರ ಹೊಲದಲ್ಲಿ ದುಡಿಯುವವರು ಬರಿ ತಿಮ್ಮ. ಹೆಸರಿನ ಬಾಲ ಕತ್ತರಿಸಿದರೆ ಮನುಷ್ಯನನ್ನು ಅರ್ಧ ಕತ್ತರಿಸಿದಂತೆ. ಒಬ್ಬರು ಇನ್ನೊಬ್ಬರನ್ನು ಕೂಗುವ ಬಗೆಯಲ್ಲೇ ಸ್ವರ್ಗ ನರಕಗಳೆರಡೂ ಅಡಗಿವೆ ಎಂಬ ಅರ್ಥದ ಬಸವಣ್ಣನವರ ವಚನ ಶಾಲೆಯ ಮಕ್ಕಳಿಗೂ ಗೊತ್ತು.

ಇದೇ ಪರಂಪರೆಯಲ್ಲಿ ಹರಳಯ್ಯನವರ ಕಥೆ ಬರುತ್ತದೆ. ಚರ್ಮಕಾರ ಕುಲದ ಹರಳಯ್ಯನವರು ದಾರಿಯಲ್ಲಿ ಎದುರಾದ ಬಸವಣ್ಣನವರಿಗೆ ಒಮ್ಮೆ ‘ಶರಣು’ ಎಂದರಂತೆ. ಬಿಜ್ಜಳನ ಮಂತ್ರಿಯಾಗಿದ್ದ ಬಸವಣ್ಣನವರು ಪ್ರತಿಯಾಗಿ ‘ಶರಣು ಶರಣಾರ್ಥಿ’ ಎಂದರಂತೆ. ಒಂದು ವಂದನೆಗೆ ಎರಡು ವಂದನೆ ಮರಳಿ ಬಂದಿತು. ಆ ಹೆಚ್ಚಿನ ಒಂದು ಶರಣಿನ ಋಣ ತೀರಿಸಲಾಗದೆ ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿ ತಂದರೆಂದೂ, ಬಸವಣ್ಣನವರು ಅದನ್ನು ಮೆಟ್ಟಲೊಪ್ಪದೆ ತಲೆಯ ಮೇಲಿರಿಸಿಕೊಂಡರೆಂದೂ ಐತಿಹ್ಯ ಹೇಳುತ್ತದೆ. ಇದನ್ನು ಇತಿಹಾಸವೆಂದು ಓದಬೇಕಾಗಿಲ್ಲ. ಆದರೆ ಒಂದು ಜನಸಮುದಾಯ ಎಂಟು ನೂರು ವರ್ಷ ಈ ಕಥೆಯನ್ನು ಏಕೆ ಕಾಪಾಡಿಕೊಂಡು ಬಂದಿತು ಎಂದು ಯೋಚಿಸಬೇಕು. ಮರಳಿ ಬರುವ ವಂದನೆಯನ್ನೇ ಕಂಡಿರದ ಜನಕ್ಕೆ ಅದು ಎಷ್ಟು ಭಾರವಾದ ಕಾಣಿಕೆಯಾಗಿ ಕಂಡಿರಬೇಕು!

ಅದರ ಬೆಲೆಯೂ ಭಾರವಾಗಿತ್ತು. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ಮದುವೆ ನಡೆದಾಗ ರಾಜಾಜ್ಞೆಯಂತೆ ಬೀಗರಿಬ್ಬರಿಗೂ ಕ್ರೂರ ಮರಣದಂಡನೆಯಾಯಿತೆಂದು ಶರಣ ಸಾಹಿತ್ಯ ಬಣ್ಣಿಸುತ್ತದೆ. ಬಾಯಲ್ಲಿ ಶರಣು ಎನ್ನುವುದನ್ನು ಅಂದಿನ ವ್ಯವಸ್ಥೆ ಸಹಿಸಿತ್ತು. ಆ ಮಾತು ಮನೆಯ ಹೊಸ್ತಿಲು ದಾಟಿದಾಗ ಸಹಿಸಲಿಲ್ಲ. ಮಾತಿನ ಸಮಾನತೆ ಎಲ್ಲಿಗೆ ಒಯ್ಯುತ್ತದೆ ಎಂಬುದು ಮೇಲಿದ್ದವರಿಗೆ ಚೆನ್ನಾಗಿಯೇ ಗೊತ್ತಿತ್ತು ಎನ್ನಬೇಕು.

‘ನಾನು’ ಎನ್ನಲು ಬಿಡದ ಭಾಷೆ

ನೆರೆಯ ಮಲಬಾರಿನಲ್ಲಿ ಈ ವ್ಯವಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ಕೆಳಜಾತಿಯವರು ಮೇಲಿನವರ ಮುಂದೆ ‘ನಾನು’ ಎನ್ನುವಂತಿರಲಿಲ್ಲ. ‘ಅಡಿಯನ್’, ಅಂದರೆ ಅಡಿಯಾಳು, ಎನ್ನಬೇಕಿತ್ತು. ಬ್ರಿಟಿಷ್ ಅಧಿಕಾರಿ ವಿಲಿಯಂ ಲೋಗನ್ ಅವರ 1887ರ ಮಲಬಾರ್ ಗ್ರಂಥದಲ್ಲಿ ಮನೆ ಎಂಬ ಪದಕ್ಕೂ ಜಾತಿ ತಗಲಿದ್ದ ವಿವರವಿದೆ. ನಂಬೂದಿರಿಗಳ ಮನೆ ‘ಇಲ್ಲಂ’, ಹೊಲದ ಜೀತದವರ ಮನೆ ‘ಚಾಳ’; ಹೀಗೆ ಒಳಗಿರುವವರಿಗೆ ತಕ್ಕಂತೆ ಮನೆಯ ಹೆಸರು. ಎದುರಿನವರನ್ನು ಹೇಗೆ ಕರೆಯಬೇಕೆಂಬುದಿರಲಿ, ತನ್ನನ್ನು ತಾನು ಮನುಷ್ಯನೆಂದು ಕರೆದುಕೊಳ್ಳುವ ಹಕ್ಕೂ ಅಲ್ಲಿರಲಿಲ್ಲ.

ಇಂಥ ನೆಲದಲ್ಲಿ ಹುಟ್ಟಿದ ಪ್ರತಿಭಟನೆಗಳು ಮಾನ, ಮರ್ಯಾದೆ ಎಂಬ ಪದಗಳನ್ನೇ ಧ್ವಜವಾಗಿ ಎತ್ತಿ ಹಿಡಿದದ್ದು ಸಹಜವೇ. 1925ರಲ್ಲಿ ಪೆರಿಯಾರ್ ರಾಮಸ್ವಾಮಿಯವರ ನೇತೃತ್ವದಲ್ಲಿ ತಮಿಳುನಾಡಿನಲ್ಲಿ ಆರಂಭವಾದ ಚಳವಳಿಯ ಹೆಸರೇ ಸ್ವಾಭಿಮಾನ ಚಳವಳಿ. 1927ರಲ್ಲಿ ಮಹಾಡದ ಕೆರೆಯ ನೀರನ್ನು ಡಾ. ಅಂಬೇಡ್ಕರ್ ಮತ್ತು ಸಂಗಡಿಗರು ಕುಡಿದದ್ದು ಬಾಯಾರಿಕೆಗಾಗಿ ಮಾತ್ರವೇ ಅಲ್ಲ. ಬೇರೆಲ್ಲರಂತೆ ತಾವೂ ಮನುಷ್ಯರು ಎಂದು ಸ್ಥಾಪಿಸುವುದಕ್ಕಾಗಿ.

ಸಂವಿಧಾನದ ನಾಲ್ಕನೆಯ ಪದ

1936ರಲ್ಲಿ ಲಾಹೋರಿನಲ್ಲಿ ಆಡಬೇಕೆಂದು ಅಂಬೇಡ್ಕರ್ ಒಂದು ಭಾಷಣ ಸಿದ್ಧಪಡಿಸಿದ್ದರು. ಕರೆದವರೇ ಸಭೆಯನ್ನು ರದ್ದು ಮಾಡಿದ್ದರಿಂದ ಅದು ಆಡದೇ ಉಳಿದು ಪುಸ್ತಕವಾಯಿತು. ಜಾತಿ ವಿನಾಶ ಎಂದು ಪ್ರಸಿದ್ಧವಾಗಿರುವ ಗ್ರಂಥವೇ ಅದು. ಪ್ರಜಾಪ್ರಭುತ್ವ ಎಂಬುದು ಬರಿ ಸರ್ಕಾರದ ಒಂದು ಮಾದರಿಯಲ್ಲ, ಅದು ಜೊತೆಯಾಗಿ ಬದುಕುವ ಒಂದು ರೀತಿ, ಮೂಲದಲ್ಲಿ ಸಹಜೀವಿಗಳ ಬಗೆಗಿನ ಗೌರವ ಎಂಬ ವಿಚಾರ ಅದರಲ್ಲಿದೆ.

ಹತ್ತು ವರ್ಷಗಳ ನಂತರ ಸಂವಿಧಾನ ರಚನೆಯ ಕೆಲಸ ಶುರುವಾಯಿತು. 1946ರ ಡಿಸೆಂಬರಿನಲ್ಲಿ ಜವಾಹರಲಾಲ್ ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ನ್ಯಾಯ, ಸ್ವಾತಂತ್ರ್ಯ, ಸಮಾನತೆಗಳಿದ್ದವು. ಭ್ರಾತೃತ್ವ ಎಂಬ ಪದ ಇರಲಿಲ್ಲ. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಆ ಪದವನ್ನು ಪೀಠಿಕೆಗೆ ಸೇರಿಸಿತು. ಆ ಭ್ರಾತೃತ್ವ ಯಾವುದಕ್ಕಾಗಿ? ವ್ಯಕ್ತಿಯ ಘನತೆಯನ್ನೂ ರಾಷ್ಟ್ರದ ಏಕತೆಯನ್ನೂ ಖಚಿತಪಡಿಸುವುದಕ್ಕಾಗಿ. ಪೀಠಿಕೆಯಲ್ಲಿ ವ್ಯಕ್ತಿಯ ಘನತೆ ಮೊದಲು ಬರುತ್ತದೆ, ರಾಷ್ಟ್ರದ ಏಕತೆ ನಂತರ ಬರುತ್ತದೆ. ಮೊದಲನೆಯದಿಲ್ಲದೆ ಎರಡನೆಯದು ನಿಲ್ಲದು ಎಂಬ ಅರ್ಥವನ್ನು ಅದರಿಂದ ತೆಗೆದರೆ ತಪ್ಪಾಗದು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರ್, ಭ್ರಾತೃತ್ವವಿಲ್ಲದೆ ಸಮಾನತೆ ಮತ್ತು ಸ್ವಾತಂತ್ರ್ಯ ಮೇಲೆ ಬಳಿದ ಬಣ್ಣಕ್ಕಿಂತ ಆಳಕ್ಕೆ ಇಳಿಯಲಾರವು ಎಂದು ಎಚ್ಚರಿಸಿದ್ದರು.

17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಅದರ ಪಕ್ಕದಲ್ಲೇ ಇರುವ 18ನೇ ವಿಧಿ ಬಿರುದುಗಳನ್ನು ರದ್ದುಮಾಡಿತು. ದಿವಾನ್ ಬಹದ್ದೂರ್, ರಾವ್ ಬಹದ್ದೂರ್‌ಗಳ ಕಾಲ ಅಲ್ಲಿಗೆ ಮುಗಿಯಿತು. ಕೆಳಗೆ ತುಳಿದವರನ್ನು ಎತ್ತುವ ಕೆಲಸ ಒಂದು ವಿಧಿಯದು, ಮೇಲೆ ಕುಳಿತವರನ್ನು ಇಳಿಸುವ ಕೆಲಸ ಇನ್ನೊಂದರದು. ಎರಡೂ ಅಕ್ಕಪಕ್ಕದಲ್ಲಿರುವುದು ಅರ್ಥಪೂರ್ಣವಾಗಿದೆ.

ಅದೇ ಹೊತ್ತಿಗೆ ವಿಶ್ವಸಂಸ್ಥೆಯಲ್ಲೂ ಒಂದು ಪದದ ಜಗಳ ನಡೆದಿತ್ತು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯ ಕರಡಿನಲ್ಲಿ ‘ಎಲ್ಲ ಪುರುಷರು’ ಎಂದೂ ಅರ್ಥ ಬರುವ ಇಂಗ್ಲಿಷ್ ಪದ ಇತ್ತು. ಭಾರತದ ಪ್ರತಿನಿಧಿಯಾಗಿದ್ದ ಹಂಸಾ ಮೆಹ್ತಾ ಅವರು ಅದನ್ನು ಒಪ್ಪಲಿಲ್ಲ. ಅವರ ಪಟ್ಟಿನಿಂದಾಗಿ ಅದು ‘ಎಲ್ಲ ಮಾನವ ಜೀವಿಗಳು’ ಎಂಬ ಅರ್ಥದ ಪದವಾಗಿ ಬದಲಾಯಿತು. 1948ರ ಡಿಸೆಂಬರ್ 10ರಂದು ಘೋಷಣೆ ಅಂಗೀಕಾರವಾದಾಗ, ಘನತೆಯಲ್ಲೂ ಹಕ್ಕುಗಳಲ್ಲೂ ಸಮಾನರೆಂಬ ಆ ಸಾಲಿನೊಳಗೆ ಹೆಂಗಸರೂ ಸೇರಿದ್ದರು. ಪದ ಬದಲಾದರೆ ಏನಾದೀತು ಎನ್ನುವವರಿಗೆ ಇದೊಂದು ಉತ್ತರ.

ಕಾನೂನು ಆಮೇಲೂ ಈ ದಾರಿಯಲ್ಲಿ ಸಾಗಿದೆ. ಬದುಕುವ ಹಕ್ಕೆಂದರೆ ಮಾನವ ಘನತೆಯಿಂದ ಬದುಕುವ ಹಕ್ಕು ಎಂದು 1981ರಲ್ಲಿ ಫ್ರಾನ್ಸಿಸ್ ಕೊರಲೀ ಮುಲ್ಲಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಪರಿಶಿಷ್ಟ ಜಾತಿ ಪಂಗಡದವರನ್ನು ಸಾರ್ವಜನಿಕವಾಗಿ ಕಾಣುವ ಜಾಗದಲ್ಲಿ ಬೇಕೆಂದೇ ಅವಮಾನಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ; 2016ರ ಜನವರಿಯಲ್ಲಿ ಜಾರಿಗೆ ಬಂದ ತಿದ್ದುಪಡಿ ಜಾತಿ ಹೆಸರು ಹಿಡಿದು ಬೈಯುವುದನ್ನು ಪ್ರತ್ಯೇಕ ಅಪರಾಧವೆಂದು ನಮೂದಿಸಿತು. 2021ರ ಸೆಪ್ಟೆಂಬರಿನಲ್ಲಿ ಕೇರಳ ಹೈಕೋರ್ಟ್, ಪೊಲೀಸರು ಜನರನ್ನು ‘ಎಡಾ’, ‘ಎಡೀ’, ‘ನೀ’ ಎಂದು ಕರೆಯುವುದು ಸಲ್ಲದು ಎಂದು ಹೇಳಿ ಸುತ್ತೋಲೆ ಹೊರಡಿಸುವಂತೆ ಸೂಚಿಸಿತು. ರಾಜ್ಯದ ಪೊಲೀಸ್ ಮುಖ್ಯಸ್ಥರು ಅದರಂತೆ ಸುತ್ತೋಲೆ ಕಳಿಸಿದರು. ‘ಅಡಿಯನ್’ ಎನ್ನಬೇಕಾಗಿದ್ದ ನಾಡಿನಲ್ಲೇ ಇದು ನಡೆದದ್ದು. ಅದೇ ವರ್ಷ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಪಂಚಾಯಿತಿ ತನ್ನ ಕಚೇರಿಯಲ್ಲಿ ಜನರು ಸಿಬ್ಬಂದಿಯನ್ನು ಸರ್, ಮೇಡಂ ಎನ್ನಬೇಕಾಗಿಲ್ಲ, ಅರ್ಜಿಯಲ್ಲಿ ಬೇಡಿಕೊಳ್ಳಬೇಕಾಗಿಲ್ಲ, ಹಕ್ಕಿನಿಂದ ಕೇಳಿದರೆ ಸಾಕು ಎಂದು ತೀರ್ಮಾನಿಸಿತು.

ಮನೆಯೊಳಗಿನ ವ್ಯಾಕರಣ

ಆದರೆ ಸುತ್ತೋಲೆ ಅಡುಗೆಮನೆಗೆ ಬರುವುದಿಲ್ಲ. ಹತ್ತು ವರ್ಷದ ಹುಡುಗ ಮನೆಗೆಲಸಕ್ಕೆ ಬರುವ ಅರವತ್ತರ ಹೆಂಗಸನ್ನು ‘ನೀನು ಇನ್ನೂ ಪಾತ್ರೆ ತೊಳೆದಿಲ್ವಾ’ ಎಂದು ಕೇಳುತ್ತಾನೆ. ಅದೇ ಹುಡುಗ ಅದೇ ವಯಸ್ಸಿನ ಅತಿಥಿಗೆ ‘ನೀವು ಕೂತ್ಕೊಳ್ಳಿ ಅಜ್ಜಿ’ ಎನ್ನುತ್ತಾನೆ. ಅವನಿಗೆ ಇದನ್ನು ಯಾರೂ ಪಾಠ ಮಾಡಿಲ್ಲ.

ನಗರಗಳಲ್ಲಿ ಕಸ ಗುಡಿಸುವವರಿಗೆ ‘ಪೌರಕಾರ್ಮಿಕ’ ಎಂಬ ಹೆಸರು ಬಂದಿತು. ಹಳೆಯ ಹೀನ ಹೆಸರುಗಳ ಜಾಗದಲ್ಲಿ ಬಂದ ಈ ಪದ ಸ್ವಾಗತಾರ್ಹವೇ. ಆದರೆ ‘ಪೌರಕಾರ್ಮಿಕ ಬಂದ್ನಾ?’ ಎಂದು ಕೇಳುವ ಮನೆಗಳೇ ಹೆಚ್ಚು. ನಾಮಪದ ಬದಲಾಯಿತು, ಕ್ರಿಯಾಪದ ಬದಲಾಗಲಿಲ್ಲ.

ಪತ್ರಿಕೆಗಳೂ ಇದಕ್ಕೆ ಹೊರತಲ್ಲ. ಒಂದೇ ಅಪಘಾತದಲ್ಲಿ ಅಧಿಕಾರಿ ‘ಮೃತಪಟ್ಟಿದ್ದಾರೆ’, ಕೂಲಿಕಾರ ‘ಮೃತಪಟ್ಟಿದ್ದಾನೆ’ ಎಂದು ಅಚ್ಚಾಗುವುದನ್ನು ಕನ್ನಡದ ಓದುಗರು ದಶಕಗಳಿಂದ ನೋಡಿದ್ದಾರೆ. ಸಾವು ಸಮಾನವಾಗಿ ಬಂದರೂ ಸುದ್ದಿ ಸಮಾನವಾಗಿ ಬರುವುದಿಲ್ಲ. ಆರೋಪ ಸಾಬೀತಾಗುವ ಮೊದಲೇ ಬಡ ಆರೋಪಿ ‘ಆತ’ನಾಗುತ್ತಾನೆ, ಕೋಟಿಗಟ್ಟಲೆ ನುಂಗಿದ ಆರೋಪ ಹೊತ್ತವರು ‘ಅವರು’ ಆಗಿಯೇ ಉಳಿಯುತ್ತಾರೆ.

ಗಂಡಹೆಂಡಿರ ನಡುವಿನ ವ್ಯಾಕರಣವೂ ಇದೇ. ಗಂಡನಿಂದ ‘ನೀನು’, ‘ಏನೇ’. ಹೆಂಡತಿಯಿಂದ ‘ನೀವು’, ‘ಏನ್ರೀ’, ‘ನಮ್ಮನೆಯವರು’. ಇದರಲ್ಲಿ ಪ್ರೀತಿ ಇಲ್ಲವೆಂದು ಹೇಳಲಾಗದು. ಆದರೆ ಪ್ರೀತಿ ಮಾತ್ರವೇ ಇದ್ದಿದ್ದರೆ ಪದ ಎರಡೂ ಕಡೆ ಒಂದೇ ಆಗಿರುತ್ತಿತ್ತು. ಇಂದು ಎಷ್ಟೋ ತರುಣ ದಂಪತಿಗಳು ಪರಸ್ಪರ ‘ನೀನು’ ಎನ್ನುತ್ತಾರೆ. ಹಿರಿಯರಿಗೆ ಅದು ಮೊದಲು ಕಿವಿಗೆ ಚುಚ್ಚಿತು, ಆಮೇಲೆ ಅಭ್ಯಾಸವಾಯಿತು. ಆಕಾಶ ಕಳಚಿ ಬೀಳಲಿಲ್ಲ. ತಲೆತಲಾಂತರದ ರೂಢಿಯೊಂದು ಒಂದೇ ತಲೆಮಾರಿನಲ್ಲಿ ಬದಲಾಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಬರೀ ಮಾತಿನಿಂದ ಏನಾದೀತು?

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಕೂಲಿ ಹೆಚ್ಚಿಸದೆ ‘ನೀವು’ ಎಂದರೆ ಹೊಟ್ಟೆ ತುಂಬುತ್ತದೆಯೇ? ಬಹುವಚನದಲ್ಲಿ ಕರೆದು ಬೇರೆ ಲೋಟದಲ್ಲಿ ಚಹಾ ಕೊಡುವವರಿಲ್ಲವೇ? ನಯವಾದ ಮಾತು ಅನ್ಯಾಯಕ್ಕೆ ಮುಸುಕಾಗಬಹುದಲ್ಲವೇ?

ಆಗಬಹುದು. ಮಾತು ಅನ್ನದ ಬದಲಿ ಆಗಲಾರದು. ಧಣಿ, ಒಡೆಯ ಎಂಬ ಪದಗಳು ಕರ್ನಾಟಕದ ಹಳ್ಳಿಗಳಲ್ಲಿ ಸಡಿಲವಾದದ್ದರ ಹಿಂದೆ 1974ರಲ್ಲಿ ಗೇಣಿ ಪದ್ಧತಿಯನ್ನು ರದ್ದುಪಡಿಸಿದ ಭೂಸುಧಾರಣೆ ತಿದ್ದುಪಡಿಯ, 1976ರ ಜೀತ ನಿರ್ಮೂಲನ ಕಾಯ್ದೆಯ ಪಾತ್ರವೂ ಇದೆ. ಆ ಪದಗಳ ಕಾಲಡಿಯ ನೆಲವನ್ನೇ ಕಾನೂನು ಸರಿಸಿತು. ಹಾಗೆಂದು ಮಾತು ಕೇವಲ ನೆರಳು ಎನ್ನುವುದೂ ಸರಿಯಲ್ಲ. ‘ಸ್ವಾಮೀ, ತಮ್ಮ ಪಾದದ ಧೂಳು’ ಎಂದು ಮಾತು ಶುರುಮಾಡಿದವರು ‘ಮೂರು ತಿಂಗಳ ಕೂಲಿ ಬಾಕಿ ಇದೆ, ಲೆಕ್ಕ ಕೊಡಿ’ ಎಂದು ಅದನ್ನು ಮುಗಿಸುವುದು ಹೇಗೆ? ಬೇಡುವವರ ಭಾಷೆಯಲ್ಲಿ ಹಕ್ಕು ಕೇಳಲು ಪದಗಳೇ ಇರುವುದಿಲ್ಲ. ಮಾತ್ತೂರು ಪಂಚಾಯಿತಿಗೆ ತಿಳಿದದ್ದು ಇದೇ. ಹರಳಯ್ಯನವರನ್ನು ದಂಡಿಸಿದ ಪ್ರಭುತ್ವಕ್ಕೆ ಬೇರೆ ರೀತಿಯಲ್ಲಿ ತಿಳಿದಿದ್ದೂ ಇದೇ. ಕೂಲಿ, ಭೂಮಿ, ಶಿಕ್ಷಣ ಇವೆಲ್ಲಕ್ಕೂ ಸರ್ಕಾರ ಬೇಕು, ಹಣ ಬೇಕು, ಹೋರಾಟ ಬೇಕು. ಒಂದು ಸರ್ವನಾಮಕ್ಕೆ ಇವು ಯಾವುವೂ ಬೇಡ. ಖರ್ಚಿಲ್ಲದ ಈ ಒಂದನ್ನೂ ಕೊಡಲಾಗದವರು ಖರ್ಚಿರುವ ಉಳಿದವನ್ನು ಕೊಟ್ಟಾರೆಂದು ನಂಬುವುದು ಕಷ್ಟ.

ಇದು ಎಲ್ಲರೂ ಎಲ್ಲರಿಗೂ ‘ತಾವು’ ಎಂದು ಕೈಮುಗಿದು ನಿಲ್ಲಬೇಕೆಂಬ ಕರೆಯಲ್ಲ. ಹಾಗೆ ಮಾಡಿದರೆ ಕನ್ನಡದ ಸಲಿಗೆ, ಸವಿ, ಜಗಳದ ಸೊಗಸು ಎಲ್ಲವೂ ಹೋದಾವು. ಗೆಳೆಯರ ‘ಲೋ’ ಇರಲಿ, ಅಮ್ಮನ ‘ಬಾರೋ’ ಇರಲಿ, ದೇವರ ಮುಂದಿನ ‘ನೀನು’ ಇರಲಿ. ಬದಲಾಗಬೇಕಾದದ್ದು ಮರಳಿ ಬಾರದ ‘ನೀನು’ ಮಾತ್ರ. ಮನುಷ್ಯರ ಘನತೆಯಲ್ಲಿ ನಂಬಿಕೆ ಇರುವವರು ಒಂದು ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಂಡರೆ ಸಾಕು: ಇವರು ತಿರುಗಿ ಇದೇ ಮಾತಿನಲ್ಲಿ ಕರೆದರೆ ಮುಖ ಕೆಂಪಾಗುವುದೋ ಇಲ್ಲವೋ? ಆಗುವುದಾದರೆ ಪದವನ್ನು ಬದಲಿಸಬೇಕು. ಮೊದಮೊದಲು ನಾಲಗೆ ತೊಡರುತ್ತದೆ. ಎದುರಿನವರಿಗೂ ಮುಜುಗರವಾಗಬಹುದು, ‘ಅಯ್ಯೋ, ನನ್ನನ್ನ್ಯಾಕೆ ಬಹುವಚನದಲ್ಲಿ ಕರೀತೀರಾ’ ಎನ್ನಬಹುದು. ಆ ಮುಜುಗರವೇ ಎಷ್ಟು ವರ್ಷಗಳ ಬಾಕಿ ಉಳಿದಿದೆ ಎಂಬುದರ ಲೆಕ್ಕ.

ಏಕವಚನ ಬಹುವಚನಗಳ ಪಾಠ ಶಾಲೆಯ ವ್ಯಾಕರಣ ಪುಸ್ತಕದಲ್ಲಿದೆ. ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂಬ ಪಾಠ ಅದರಲ್ಲಿಲ್ಲ. ಅದನ್ನು ಮಗು ಅಕ್ಷರ ಕಲಿಯುವ ಮೊದಲೇ, ಬಾಗಿಲಿಗೆ ಬಂದ ಹೂವಿನವರ ಜೊತೆ, ಹಾಲಿನವರ ಜೊತೆ, ಕಸದ ಗಾಡಿಯವರ ಜೊತೆ ಮನೆಯ ಹಿರಿಯರು ಮಾತನಾಡುವುದನ್ನು ಕೇಳಿಕೊಂಡು ಕಲಿತುಬಿಡುತ್ತದೆ. ನಾಳೆ ಬೆಳಿಗ್ಗೆ ಅವರಲ್ಲೊಬ್ಬರು ಬಾಗಿಲು ತಟ್ಟಿದಾಗ ‘ಬನ್ನಿ’ ಎಂದರೆ, ಅದೇ ಕಿವಿ ಅದನ್ನೂ ಅಷ್ಟೇ ಸಲೀಸಾಗಿ ಕಲಿಯುತ್ತದೆ.